ಕಾವಲುಗಾರನ ಮಗಳು ಎಲ್ಲಿ ಓದಿದಳು?

ಮುಂಬಯಿ ಬಳಿಯ ಡೊಂಬಿವಲಿಯ ನಿವೃತ್ತ ಶಿಕ್ಷಕಿಯೊಬ್ಬರ ಪತ್ರ: "ತಾಂಜಾನಿಯಾದ ದಾರ್ ಎಸ್ ಸಲಾಮಿನ ಖಾಸಗಿ ಶಾಲೆಯಲ್ಲಿ ಆರು ವರ್ಷ ಗಣಿತ ಕಲಿಸಿದೆ. ಅಲ್ಲಿನ ಕಾವಲುಗಾರ ಮಗಳ ಸಮವಸ್ತ್ರಕ್ಕೆ ದುಡ್ಡು ಕೂಡಿಸಲು ಎರಡು ತಿಂಗಳು ಬಸ್ ಹತ್ತದೆ ನಡೆದು ಬಂದ. ಇಲ್ಲಿ ನಮ್ಮವರು ಮಗುವಿನ ಹುಟ್ಟುಹಬ್ಬಕ್ಕೆ ಸಭಾಗೃಹ ಹಿಡಿಯುತ್ತಾರೆ, ಇನ್ನೂರು ರೂಪಾಯಿಯ ಪುಸ್ತಕಕ್ಕೆ ಮುಖ ಸಿಂಡರಿಸುತ್ತಾರೆ. ಬಡವರಿಗಿರುವ ವಿವೇಕ ಉಳ್ಳವರಿಗೆ ಏಕಿಲ್ಲ?"

ಪ್ರಿಯ ಟೀಚರ್,

ನಿಮ್ಮ ಕಾಗದವನ್ನು ಮಾಟುಂಗಾದಿಂದ ಮನೆಗೆ ಹೋಗುವ ಲೋಕಲ್ ಗಾಡಿಯಲ್ಲಿ ಎರಡು ಸಲ ಓದಿದೆ. ಕಾವಲುಗಾರ ಕಣ್ಣಿಗೆ ಕಟ್ಟಿದ. ಆದರೆ ಬಡತನಕ್ಕೆ ವಿವೇಕದ ಬಿರುದು ಕೊಡಲು ನನಗೆ ಮನಸ್ಸಿಲ್ಲ. ನಾನೂ ಅಂಥ ಮನೆಯಲ್ಲೇ ಬೆಳೆದವನು.

ಹದಿಮೂರನೆಯ ವಯಸ್ಸಿಗೆ ಉಡುಪಿ ಕಡೆಯಿಂದ ಬಂದು ಮುಂಬಯಿಯ ಫೋರ್ಟಿನ ಹೋಟೆಲೊಂದರಲ್ಲಿ ಮೇಜು ಒರೆಸುತ್ತಿದ್ದೆ. ರಾತ್ರಿ ಶಾಲೆಯ ನಮ್ಮ ಬೆಂಚಿಗೆಲ್ಲ ಸಾಂಬಾರಿನ ವಾಸನೆ. ಒರೆಸುವ ಬಟ್ಟೆ ಎಷ್ಟೋ ದಿನ ಜೇಬಿನಲ್ಲೇ ಇರುತ್ತಿತ್ತು. ಊರಿಗೆ ಕಳಿಸಿದ ಮೊದಲ ಮೂರು ಮನಿಯಾರ್ಡರ್ ತಂಗಿಯ ಶಾಲೆಗೆ ಹೋಗಲಿಲ್ಲ, ಸೋರುವ ಮಾಡಿಗೂ ಹೋಗಲಿಲ್ಲ. ಹರಕೆ ಹೊತ್ತ ದೈವದ ನೇಮೋತ್ಸವಕ್ಕೆ ಹೋಯಿತು. ತಂಗಿ ಐದನೆಯ ತರಗತಿಗೆ ಶಾಲೆ ಬಿಟ್ಟಳು. ಅಪ್ಪನನ್ನು ದೂರಲಾರೆ. ದೈವದ ಹರಕೆ ಬಾಕಿ ಇಟ್ಟುಕೊಂಡು ಊರಿನಲ್ಲಿ ತಲೆ ಎತ್ತಿ ನಡೆಯುವುದು ಅವರಿಂದ ಆಗದ ಮಾತಾಗಿತ್ತು.

ಇನ್ನು ನಿಮ್ಮ ತಾಂಜಾನಿಯಾ. ಅದರ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಸ್ವತಃ ಮೇಷ್ಟ್ರಾಗಿದ್ದವರು. ಜನ ಅವರನ್ನು 'ಮ್ವಾಲಿಮು', ಅಂದರೆ ಗುರು ಎಂದೇ ಕರೆದರು. 2001ರಲ್ಲಿ ಆ ದೇಶ ಪ್ರಾಥಮಿಕ ಶಾಲೆಯ ಶುಲ್ಕವನ್ನು ತೆಗೆದುಹಾಕಿತು. ಸಮವಸ್ತ್ರ, ನೋಟುಪುಸ್ತಕ ಮಾತ್ರ ತಂದೆತಾಯಿಯ ತಲೆಯ ಮೇಲೆಯೇ ಉಳಿದವು. ನಿಮ್ಮ ಕಾವಲುಗಾರ ನಡೆದದ್ದು ಹಾಗೆ ಉಳಿದದ್ದಕ್ಕಾಗಿ. ಅಲ್ಲಿನ ಸರಕಾರಿ ಶಾಲೆಯಲ್ಲಿ ಏಳು ವರ್ಷ ಸ್ವಾಹಿಲಿಯಲ್ಲಿ ಪಾಠ, ಎಂಟನೆಯ ವರ್ಷ ಒಮ್ಮೆಲೇ ಇಂಗ್ಲಿಷ್. ಆ ಹೊಳೆಯನ್ನು ಮಕ್ಕಳು ಈಜಬೇಕಾಗಬಾರದೆಂದು ಅನುಕೂಲಸ್ಥರು ಮೊದಲೇ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆ ಹಿಡಿಯುತ್ತಾರೆ. ನೀವು ಕಲಿಸಿದ್ದು ಅಂಥದರಲ್ಲಿ. ಡೊಂಬಿವಲಿಯ ಮನೆಯ ಸಾಲ ತೀರಿದ್ದು ಆ ಸಂಬಳದಿಂದ ಎಂದು ನೀವೇ ಬರೆದಿದ್ದೀರಿ. ಕಾವಲುಗಾರನ ಮಗಳು ಓದುತ್ತಿದ್ದುದು ಬೇರೆ, ಸರಕಾರಿ ಶಾಲೆಯಲ್ಲಿ ಎಂಬುದೂ ನಿಮ್ಮ ಕಾಗದದಲ್ಲೇ ಇದೆ, ಕೊನೆಯ ಪುಟದಲ್ಲಿ, ಅರ್ಧ ಸಾಲಿನಲ್ಲಿ.

ಚುಚ್ಚಲೆಂದು ಹೇಳುತ್ತಿಲ್ಲ. ಇಲ್ಲಿ ಪಾಲಿಕೆಯ ಕನ್ನಡ ಶಾಲೆಗಳ ಬೆಂಚುಗಳು ಖಾಲಿಯಾಗುತ್ತಿದ್ದಾಗ ಸಂಘದ ವೇದಿಕೆಯಲ್ಲಿ ಕನ್ನಡದ ಬಗ್ಗೆ ಭಾಷಣ ಬಿಗಿಯುತ್ತಿದ್ದ ನಾನು ಮಗನನ್ನು ಕಳಿಸಿದ್ದು ಕಾನ್ವೆಂಟಿಗೆ.

ಸಭಾಗೃಹದ ವಿಷಯದಲ್ಲಿ ನಿಮ್ಮ ಸಿಟ್ಟು ನನಗೂ ಇದೆ, ಆದರೆ ಅರ್ಧ ಮಾತ್ರ. ಮಗು ಏಳುವ ಮೊದಲು ಗಾಡಿ ಹಿಡಿದು, ಅದು ಮಲಗಿದ ಮೇಲೆ ಮನೆ ಸೇರುವ ತಂದೆ ವರ್ಷಕ್ಕೊಂದು ಸಂಜೆಯನ್ನು ದುಡ್ಡು ಕೊಟ್ಟು ತರುತ್ತಾನೆ. ಪುಸ್ತಕಕ್ಕೆ ಸಿಂಡರಿಸುವ ಮುಖಕ್ಕೆ ಮಾತ್ರ ನನ್ನಲ್ಲಿ ಸಮಜಾಯಿಷಿ ಇಲ್ಲ. ಚಂದಾ ಕೇಳಲು ಹೋದಾಗಲೆಲ್ಲ ಅದನ್ನು ಕಂಡಿದ್ದೇನೆ.

ಆ ಹುಡುಗಿ ಎಂಟನೆಯ ವರ್ಷ ದಾಟಿದಳೇ? ತಿಳಿದಿದ್ದರೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

— ಸಂ.