ಹಳೆಯ ಟ್ಯಾಬ್ಲೆಟ್ ಹೊಸ ರೌಟರ್‌ಗೆ ಕನೆಕ್ಟ್ ಆಗುತ್ತಿಲ್ಲ, ಈ ಎರಡಕ್ಕೂ ಆಗಿಬರಲ್ಲ. ಪಾಸ್‌ವರ್ಡ್ ತೆಗೆದು ಮ್ಯಾಕ್ ಫಿಲ್ಟರ್ (ಪಟ್ಟಿಯಲ್ಲಿರುವ ಸಾಧನಗಳನ್ನು ಮಾತ್ರ ಒಳಗೆ ಬಿಡುವ ಸೆಟ್ಟಿಂಗ್) ಹಾಕಿದರೆ ಸಾಕಾ?

ಸಾಕಾಗಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ನಾನು ಮಾಡಿ ನೋಡಿದ್ದೇನೆ.

ಹೊಸ ರೌಟರ್ ಬಂದ ದಿನವೇ ಡಬ್ಲ್ಯುಪಿಎ3, ಅಂದರೆ ವೈಫೈ ಸೆಕ್ಯುರಿಟಿಯ ಹೊಸ ಪದ್ಧತಿ, ಇಟ್ಟೆ. ಎಲ್ಲರ ಫೋನೂ ಕನೆಕ್ಟ್ ಆಯಿತು, ಅಮ್ಮನ ಹಳೆಯ ಟ್ಯಾಬ್ಲೆಟ್ ಮಾತ್ರ ಆಗಲಿಲ್ಲ. ಎರಡು ದಿನ ಒದ್ದಾಡಿ, ಕೊನೆಗೆ ಸೆಕ್ಯುರಿಟಿಯನ್ನೇ ತೆಗೆದುಬಿಟ್ಟೆ. ಬದಲಿಗೆ ಮ್ಯಾಕ್ ಫಿಲ್ಟರ್ ಹಾಕಿದೆ. ಪ್ರತಿ ಫೋನಿನ ಸೆಟ್ಟಿಂಗ್ಸ್ ತೆರೆದು, ಅದರ ಮ್ಯಾಕ್ ಅಡ್ರೆಸ್ಸನ್ನು, ಅಂದರೆ ಸಾಧನವನ್ನು ಗುರುತಿಸುವ 12 ಅಕ್ಷರದ ಸಂಖ್ಯೆಯನ್ನು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ‘ಬಿ’ ಯಾವುದು, 8 ಯಾವುದು ಅಂತ ಎರಡೆರಡು ಸಲ ನೋಡಿ ರೌಟರ್‌ಗೆ ತುಂಬಿದೆ. ಮನೆಯವರ ಫೋನ್ ಬಿಟ್ಟರೆ ಬೇರೆ ಯಾರೂ ಒಳಗೆ ಬರಲಾರರು ಅಂತ ಪೂರ್ತಿ ನಂಬಿದ್ದೆ.

ತಪ್ಪಿದ್ದು ಇಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ಫೋನು ರೌಟರ್‌ಗೆ ಏನೇ ಕಳಿಸಲಿ, ಪ್ರತಿ ತುಣುಕಿನ ತಲೆಯಲ್ಲೂ ಅದರ ಮ್ಯಾಕ್ ಅಡ್ರೆಸ್ ಇರುತ್ತದೆ. ಅದು ಗುಟ್ಟಲ್ಲ. ಪಾಸ್‌ವರ್ಡ್ ಇರುವ ವೈಫೈನಲ್ಲೂ ಅದು ಹೊರಗೆ ಕಾಣುತ್ತದೆ. ಸಿಗ್ನಲ್ ಸಿಗುವ ದೂರದಲ್ಲಿ ಕೂತ ಯಾರಾದರೂ ಅದನ್ನು ಓದಿ, ತಮ್ಮ ಲ್ಯಾಪ್‌ಟಾಪ್‌ಗೆ ಅದೇ ಅಡ್ರೆಸ್ ಕೊಟ್ಟರೆ ಮುಗಿಯಿತು. ರೌಟರ್ ಪಾಲಿಗೆ ಅದೇ ಅಮ್ಮನ ಟ್ಯಾಬ್ಲೆಟ್. ಪಾಸ್‌ವರ್ಡ್ ತೆಗೆದಿದ್ದರಿಂದ ಗಾಳಿಯಲ್ಲಿ ಹೋಗುವ ಡೇಟಾಕ್ಕೆ ವೈಫೈನ ಎನ್‌ಕ್ರಿಪ್ಷನ್ (ಬೇರೆಯವರಿಗೆ ಓದಲಾಗದ ಹಾಗೆ ಮಾಡುವ ಗುಪ್ತಲಿಪಿ) ಕೂಡ ಇರಲಿಲ್ಲ.

ತಿಂಗಳ ಡೇಟಾ ಹತ್ತೇ ದಿನಕ್ಕೆ ಖಾಲಿಯಾಯಿತು. ಆಮೇಲೆ ಯಾವುದೋ ಸೈಟ್ ಒತ್ತಿದರೆ ಇನ್ಯಾವುದೋ ಜಾಹೀರಾತಿನ ಪುಟ ಬರತೊಡಗಿತು. ವೈರಸ್ ಅಂದುಕೊಂಡು ಅಕ್ಕನ ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿದೆ. ಬ್ಯಾಕಪ್ ಇರಲಿಲ್ಲ. ಅವಳ ಮಗುವಿನ ಮೊದಲ ವರ್ಷದ ಫೋಟೋಗಳೆಲ್ಲ ಹೋದವು. ಆ ಫೋನಿಗೆ ಏನೂ ಆಗಿರಲೇ ಇಲ್ಲ. ರೌಟರ್ ಒಳಗೆ ಯಾರೋ ಡಿಎನ್‌ಎಸ್, ಅಂದರೆ ಸೈಟಿನ ಹೆಸರು ಕೊಟ್ಟರೆ ಅದರ ವಿಳಾಸ ಹೇಳುವ ಸರ್ವರ್, ಬದಲಿಸಿದ್ದರು. ರೌಟರ್ ಸೆಟ್ಟಿಂಗ್ಸ್ ತೆರೆಯುವ ಅಡ್ಮಿನ್ ಪಾಸ್‌ವರ್ಡ್ ಡಬ್ಬಿಯಲ್ಲಿ ಬಂದದ್ದನ್ನೇ ಬಿಟ್ಟಿದ್ದೆ. ಕನೆಕ್ಟ್ ಆದ ಸಾಧನಗಳ ಪಟ್ಟಿಯಲ್ಲಿ ಅಮ್ಮನ ಟ್ಯಾಬ್ಲೆಟ್ ಕೂಡ ಇತ್ತು. ಎದ್ದು ಹೋಗಿ ನೋಡಿದರೆ ಅದು ಚಾರ್ಜ್ ಮುಗಿದು, ಆಫ್ ಆಗಿ, ಡ್ರಾಯರ್‌ನಲ್ಲಿ ಬಿದ್ದಿತ್ತು.

‘ಈ ಎರಡಕ್ಕೂ ಆಗಿಬರಲ್ಲ’ ಅಂತ ಬರೆದಿದ್ದೀರಿ. ನಾನು ಒಪ್ಪಲ್ಲ. ಡಬ್ಲ್ಯುಪಿಎ3 ಬಂದದ್ದೇ 2018ರಲ್ಲಿ. ಆಂಡ್ರಾಯ್ಡ್‌ಗೆ ಅದು ಬಂದದ್ದು 10ನೇ ವರ್ಷನ್‌ನಲ್ಲಿ. ಹಳೆಯ ಟ್ಯಾಬ್ಲೆಟ್‌ಗೆ ಅದು ಗೊತ್ತಿಲ್ಲ, ಅಷ್ಟೇ. ರೌಟರ್‌ನಲ್ಲಿ ಅದರ ಹಿಂದಿನ ಪದ್ಧತಿಯಾದ ಡಬ್ಲ್ಯುಪಿಎ2, ಡಬ್ಲ್ಯುಪಿಎ3 ಎರಡೂ ಸೇರಿದ ಆಯ್ಕೆ ಇರುತ್ತದೆ, ಅದನ್ನಿಟ್ಟು ನೋಡಿ. ಕೆಲವು ಹಳೆಯ ಸಾಧನಗಳು ಅದಕ್ಕೂ ತಕರಾರು ಮಾಡುತ್ತವೆ. ಆಗ ಗೆಸ್ಟ್ ನೆಟ್‌ವರ್ಕ್ (ಅದೇ ರೌಟರ್‌ನ ಇನ್ನೊಂದು ವೈಫೈ) ಆನ್ ಮಾಡಿ, ಅದಕ್ಕೆ ಎಇಎಸ್ ಎನ್‌ಕ್ರಿಪ್ಷನ್ ಇರುವ ಡಬ್ಲ್ಯುಪಿಎ2 ಇಟ್ಟು, ಬೇರೆ ಪಾಸ್‌ವರ್ಡ್ ಕೊಡಿ. ಅಮ್ಮನ ಟ್ಯಾಬ್ಲೆಟ್ ಈಗ ಅದರಲ್ಲೇ ಓಡುತ್ತಿದೆ. ಟಿಕೆಐಪಿ ಅಂತ ಕಂಡರೆ ಮುಟ್ಟಬೇಡಿ, ಅದು ಹಳೆಯ, ದುರ್ಬಲ ಎನ್‌ಕ್ರಿಪ್ಷನ್. ಟ್ಯಾಬ್ಲೆಟ್ ವೈಫೈನ ಮೊದಲ ಸೆಕ್ಯುರಿಟಿ ಪದ್ಧತಿ ಡಬ್ಲ್ಯುಇಪಿ ಬಿಟ್ಟು ಬೇರೇನೂ ಗೊತ್ತಿಲ್ಲದಷ್ಟು ಹಳೆಯದಾಗಿದ್ದರೆ ಅದಕ್ಕೆ ವೈಫೈ ಕೊಡಲೇಬೇಡಿ. ಡಬ್ಲ್ಯುಇಪಿ ಮುರಿಯುವ ದಾರಿ 2001ರಲ್ಲೇ ಎಲ್ಲರಿಗೂ ಗೊತ್ತಾಗಿದೆ.

ಮ್ಯಾಕ್ ಫಿಲ್ಟರ್ ಅಂತೂ ಸುಮ್ನೆ ತಲೆನೋವು. ಈಗಿನ ಫೋನುಗಳು ವೈಫೈಗೆ ತಮ್ಮ ನಿಜವಾದ ಅಡ್ರೆಸ್ ಕೊಡದೆ ಬೇರೊಂದನ್ನು ತೋರಿಸುತ್ತವೆ. ಹಾಗಾಗಿ ಮನೆಯವರ ಹೊಸ ಫೋನೇ ಹೊರಗುಳಿಯಬಹುದು, ಕದಿಯುವವರು ಒಳಗೆ ಬರುತ್ತಾರೆ.

ಇವತ್ತೇ ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಹಾಗೇ ಡಿಎನ್‌ಎಸ್ ಸಾಲನ್ನೂ ಒಮ್ಮೆ ನೋಡಿಬಿಡಿ. ಅಕ್ಕನ ಫೋನ್ ಕೈಗೆತ್ತಿಕೊಳ್ಳುವ ಮೊದಲು ನಾನು ನೋಡಬೇಕಿದ್ದದ್ದು ಅದನ್ನೇ.