ಎರಡು ಕಚೇರಿಗಳ ನಡುವೆ

ಪ್ರಶ್ನೆ: ನನಗೆ 39 ವರ್ಷ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಮ್ಯಾನೇಜರ್. ಕರ್ನಾಟಕ ಸಂಗೀತದಲ್ಲಿ ವಿದ್ವತ್ ಮುಗಿಸಿದ್ದೇನೆ. ಶನಿವಾರ, ಭಾನುವಾರ 22 ಮಕ್ಕಳಿಗೆ ಪಾಠ; ವರ್ಷಕ್ಕೆ ಏಳೆಂಟು ಕಚೇರಿ. ಈ ಸಲದ ರಾಮನವಮಿ ಕಚೇರಿಯಲ್ಲಿ ತೋಡಿ ರಾಗದ ಆಲಾಪನೆಯ ನಡುವೆ ಮರುದಿನದ ಮೀಟಿಂಗ್ ನೆನಪಾಗಿ ಎಳೆ ತಪ್ಪಿತು, ಪಿಟೀಲಿನವರು ಸಂಭಾಳಿಸಿದರು. ಈಗ ಬಡ್ತಿ ಬಂದಿದೆ. ಒಪ್ಪಿದರೆ ರಾತ್ರಿ ಅಮೆರಿಕದವರೊಂದಿಗೆ ಮಾತುಕತೆ ಹೆಚ್ಚುತ್ತದೆ. ಯಜಮಾನರು ‘ಕೆಲಸ ಬಿಟ್ಟುಬಿಡು’ ಎನ್ನುತ್ತಾರೆ. ಮನೆ ಸಾಲ ಇನ್ನೂ ಒಂಬತ್ತು ವರ್ಷ ಇದೆ. ಬಿಡಲೇ?
– ಹೆಸರು ಬೇಡ

ಉತ್ತರ: ಈಗ ಬಿಡಬೇಡಿ.

ನಿಮ್ಮ ಪತ್ರದಲ್ಲಿ ಕಂಪನಿಯ ಮಾತಿದೆ, ಮಕ್ಕಳ ಮಾತಿದೆ, ಸಾಲದ ಮಾತಿದೆ. ತಂಬೂರಿ ಮುಂದೆ ನೀವೊಬ್ಬರೇ ಕುಳಿತು ಹಾಡುವುದು ಯಾವಾಗ ಎಂಬುದು ಮಾತ್ರ ಎಲ್ಲಿಯೂ ಇಲ್ಲ. ಮೀಟಿಂಗಿನ ಮೇಲೆ ತಪ್ಪು ಹೊರಿಸುವ ಮೊದಲು, ಆ ತೋಡಿಯನ್ನು ಎಷ್ಟು ಬೆಳಗು ಹಾಡಿಕೊಂಡಿದ್ದಿರಿ ಎಂದು ಎಣಿಸಿ ನೋಡಿ.

ನೌಕರಿಯಲ್ಲಿದ್ದೇ ಹಾಡಿದವರಿಲ್ಲವೇ ಎಂದು ಹಿರಿಯ ಗಾಯಕ ಆರ್.ಕೆ. ಶ್ರೀಕಂಠನ್ ಅವರ ಹೆಸರು ಹೇಳುವವರುಂಟು. ಅವರು ದಶಕಗಳ ಕಾಲ ಆಕಾಶವಾಣಿಯಲ್ಲಿದ್ದರು, ಶಿಷ್ಯರನ್ನು ತಯಾರು ಮಾಡಿದರು, ತೊಂಬತ್ತು ದಾಟಿದ ಮೇಲೂ ಹಾಡಿದರು. ಆದರೆ ಅವರು ದುಡಿದ ಕಚೇರಿಯಲ್ಲೂ ಶ್ರುತಿ ಕೇಳಿಸುತ್ತಿತ್ತು, ನಿಮ್ಮದರಲ್ಲಿ ಕೇಳಿಸುವುದಿಲ್ಲ. ಆ ಹೋಲಿಕೆ ಹಿಡಿದು ನೊಂದುಕೊಳ್ಳಬೇಡಿ. (ಎರಡಕ್ಕೂ ಕಚೇರಿ ಎಂದೇ ಹೆಸರಿಟ್ಟವರಿಗೆ ನಿಮ್ಮ ಫಜೀತಿ ಮೊದಲೇ ತಿಳಿದಿತ್ತೇನೋ!)

ಕೆಲಸ ಬಿಟ್ಟಿರೆನ್ನಿ. ಏಳೆಂಟು ಕಚೇರಿಗಳ ಸಂಭಾವನೆಯಲ್ಲಿ ಸಾಲದ ಕಂತು ತೀರದು. ಆಗ 22 ಮಕ್ಕಳು 50 ಆಗುತ್ತಾರೆ, ಬೆಳಗಿನಿಂದ ಸಂಜೆಯವರೆಗೆ ಸರಳೆ ವರಸೆಯ ಮೊದಲ ಪಾಠಗಳೇ. ಪಾಠ ಹೇಳುವುದು ದೊಡ್ಡ ಕೆಲಸವೇ. ಅದನ್ನೇ ಅಭ್ಯಾಸವೆಂದುಕೊಂಡರೆ ಕೆಟ್ಟಿರಿ. ಮಕ್ಕಳ ಶ್ರುತಿಗೆ, ಮಕ್ಕಳ ಕಾಲಪ್ರಮಾಣಕ್ಕೆ ದಿನವಿಡೀ ಹಾಡಿದ ಕಂಠ ಸಂಜೆ ಸಾಹಿತ್ಯದ ಒಂದು ಸಾಲನ್ನು ಬಗೆಬಗೆಯಾಗಿ ಬೆಳೆಸುವ ನೆರವಲ್‌ಗೆ ಏಳುವುದಿಲ್ಲ. ಕತ್ತರಿ ಅಲ್ಲಿಂದಲೇ ಶುರುವಾಗಲಿ. ವರಸೆ, ಅಲಂಕಾರದ ಮಕ್ಕಳನ್ನು ಸೀನಿಯರ್ ಪರೀಕ್ಷೆ ಮುಗಿಸಿದ ಶಿಷ್ಯೆಯೊಬ್ಬಳಿಗೆ ಒಪ್ಪಿಸಿ, ಕೃತಿಗಳನ್ನು ಕಲಿಯುವ ಆರೇಳು ಮಂದಿಯನ್ನು ಉಳಿಸಿಕೊಳ್ಳಿ. ಪೋಷಕರು ಮುನಿಸಿಕೊಳ್ಳುತ್ತಾರೆ. ಮುನಿಸಿಕೊಳ್ಳಲಿ.

ಬಡ್ತಿಯ ವಿಷಯ: ರಾತ್ರಿಯ ಮಾತುಕತೆ ವಾರಕ್ಕೆ ಎರಡೇ ದಿನ ಎಂದು ಬರಹದಲ್ಲಿ ಕೇಳಿ. ಒಪ್ಪದಿದ್ದರೆ ಈಗಿನ ಕುರ್ಚಿಯೇ ಸಾಕು. ನಿದ್ದೆಗೆಟ್ಟವರು ಬೆಳಿಗ್ಗೆ ಐದೂವರೆಗೆ ಅಕಾರ ಸಾಧನೆಗೆ ಏಳುತ್ತಾರೆಂಬುದನ್ನು ನಾನು ನಂಬುವುದಿಲ್ಲ, ನಿಮ್ಮ ಕಂಠವೂ ನಂಬದು.

ಇನ್ನು ರಾಮನವಮಿ. ಅದು ಬರುವುದೇ ಮಾರ್ಚ್, ಏಪ್ರಿಲ್‌ನಲ್ಲಿ. ವರ್ಷದ ಲೆಕ್ಕ ಮುಗಿಸುವ ಗಡಿಬಿಡಿಯೂ ಆಗಲೇ. ಈ ಇಕ್ಕಟ್ಟು ಪಂಚಾಂಗದಲ್ಲೇ ಅಚ್ಚಾಗಿರುತ್ತದೆ. ಆದರೆ ಬೆಂಗಳೂರಿನ ರಾಮೋತ್ಸವ ಒಂಬತ್ತು ದಿನಕ್ಕೆ ಮುಗಿಯುವುದಿಲ್ಲ. 1939ರಲ್ಲಿ ಆರಂಭವಾದ ಚಾಮರಾಜಪೇಟೆಯ ಸಂಗೀತೋತ್ಸವವಂತೂ ವಾರಗಟ್ಟಲೆ ನಡೆಯುತ್ತದೆ. ತಡವಾದ ದಿನಾಂಕವನ್ನು ಕೊಡಿ ಎಂದು ಸಂಘಟಕರನ್ನು ಕೇಳಲು ಸಂಕೋಚವೇಕೆ? ದಿನ ಗೊತ್ತಾದ ಕೂಡಲೇ ಅದರ ಹಿಂದಿನ ಎರಡು ದಿನವೂ ಸೇರಿಸಿ ರಜೆ ಹಾಕಿ. ವರ್ಷಕ್ಕೆ ನಾಲ್ಕು ಕಚೇರಿ ಸಾಕು.

ಮೊದಲನೆಯದಕ್ಕೆ ತೋಡಿಯನ್ನೇ ಇಟ್ಟುಕೊಳ್ಳಿ. ಸಾಧ್ಯವಾದರೆ ಅದೇ ಪಿಟೀಲಿನವರನ್ನು ಕರೆಯಿರಿ.