ಹಿತ್ತಲ ಕೊಟ್ಟಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕಾರ್ಖಾನೆ ಹಂಗಾಮು ಶುರುವಾದರೆ ನಮ್ಮ ಎರಡು ಎಮ್ಮೆಗೂ ಕಬ್ಬಿನ ಹಸಿ ಸೋಗೆಯೇ ಮೇವು. ಹೊಟ್ಟೆ ತುಂಬ ತಿನ್ನುತ್ತವೆ, ಆದರೂ ಹಾಲು ಇಳಿಯುತ್ತಿದೆ. ಒಂದಂತೂ ಬೆದೆಗೇ ಬಂದಿಲ್ಲ. ಹಿಂಡಿ ಹೆಚ್ಚಿಸಬೇಕೆ?
(ಮುಧೋಳ ತಾಲ್ಲೂಕು)

ಉತ್ತರ: ಮೊದಲು ಸೋಗೆ ಇಳಿಸಿ, ಹಿಂಡಿಯ ಮಾತು ಆಮೇಲೆ. ಸೋಗೆಯಲ್ಲಿ ಆಕ್ಸಲೇಟ್ ಹೆಚ್ಚು. ಅದು ಮೇವಿನಲ್ಲಿರುವ ಕ್ಯಾಲ್ಸಿಯಂ ಜೊತೆ ಕೂಡಿಕೊಂಡು ಕರಗದ ಉಪ್ಪಾಗಿ ಸಗಣಿಯಲ್ಲಿ ಹೋಗುತ್ತದೆ. ಹಾಲಿಗೆ ಬೇಕಾದ ಕ್ಯಾಲ್ಸಿಯಂನ್ನು ಎಮ್ಮೆ ತನ್ನ ಮೂಳೆಯಿಂದ ತೆಗೆದು ಕೊಡುತ್ತದೆ. ಆ ದಾಸ್ತಾನು ತಗ್ಗಿದಾಗ ಹಾಲು ಇಳಿಯುತ್ತದೆ, ಮುಂದಿನ ಸಲ ಈದ ಮೇಲೆ ಹಾಲು ಜ್ವರದ (ಕ್ಯಾಲ್ಸಿಯಂ ಕುಸಿದು ಎಮ್ಮೆ ನೆಲ ಹಿಡಿಯುವ ಕಾಯಿಲೆ) ಭಯವೂ ಇದೆ. ಸೋಗೆಯಲ್ಲಿ ರಂಜಕವೂ ಕಡಿಮೆ, ಪ್ರೋಟೀನ್ ಶೇ 5–6ರ ಆಸುಪಾಸು. ಬೆದೆ ಮುಂದೆ ಹೋಗುವುದಕ್ಕೆ ಇಷ್ಟು ಸಾಕು.

450–500 ಕಿಲೋ ತೂಕದ, ದಿನಕ್ಕೆ 6 ಲೀಟರ್ ಹಿಂಡುವ ಎಮ್ಮೆಗೆ ಈ ಲೆಕ್ಕ ಇಟ್ಟುಕೊಳ್ಳಿ: ಹಸಿ ಸೋಗೆ 15 ಕಿಲೋ ಮೀರಬಾರದು, ಜೋಳದ ಒಣ ಕಣಿಕೆ 4 ಕಿಲೋ, ತೊಗರಿ ಅಥವಾ ಕಡಲೆ ಹೊಟ್ಟು 2 ಕಿಲೋ, ಪಶು ಆಹಾರ 4 ಕಿಲೋ (ಮೈಗೆ ಒಂದು, ಪ್ರತಿ 2 ಲೀಟರ್ ಹಾಲಿಗೆ ಒಂದೊಂದು), ಖನಿಜ ಮಿಶ್ರಣ 50 ಗ್ರಾಂ, ಉಪ್ಪು 30 ಗ್ರಾಂ. ಪಶು ಆಹಾರದ ಬದಲು ಬರೀ ಸರಕಿ (ಹತ್ತಿಬೀಜದ) ಹಿಂಡಿ ಹಾಕುವ ರೂಢಿ ನಮ್ಮ ಕಡೆ ಇದೆ. ಕೊಬ್ಬಿನಂಶ ಸಿಗಬಹುದು, ಖನಿಜದ ಕೊರತೆ ಮಾತ್ರ ಹಾಗೇ ಉಳಿಯುತ್ತದೆ. ಮೇವನ್ನು ಒಂದೇ ದಿನ ಬದಲಿಸದೆ ಎಂಟು–ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪವೇ ಬದಲಿಸಿ. ಕಡಿದ ಸೋಗೆಯನ್ನು ಒಟ್ಟಿ ಇಟ್ಟರೆ ಮರುದಿನಕ್ಕೆ ಒಳಗೆ ಕಾವು ಏರಿ ಬೂಷ್ಟು ಹಿಡಿಯುತ್ತದೆ, ಅದನ್ನು ಗೋದಲಿಗೆ ಹಾಕಬೇಡಿ.

ಬೆದೆಯ ವಿಷಯ: ಎಮ್ಮೆ ಬಹಳ ಸಲ ಕೂಗುವುದಿಲ್ಲ, ಲಕ್ಷಣ ತೋರಿದರೂ ರಾತ್ರಿ ಅಥವಾ ನಸುಕಿನಲ್ಲಿ. ಬಾಲದ ಬುಡದಲ್ಲಿ ಗಾಜಿನಂಥ ಲೋಳೆ ಇದೆಯೇ ಎಂದು ಬೆಳಗಿನ ಹಾಲು ಹಿಂಡುವ ಮುಂಚೆ ನೋಡಿ. ಎರಡು ತಿಂಗಳಾದರೂ ಕಾಣದಿದ್ದರೆ ಗರ್ಭಕೋಶದ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಹಿಂಗಾರಿ ಬಿಳಿಜೋಳ ಕೊಯ್ದ ಹೊಲದಲ್ಲಿ ಅಕಾಲ ಮಳೆಗೆ ಕೂಳೆ ಚಿಗುರಿತ್ತು. ಆಡು ಬಿಟ್ಟ ಅರ್ಧ ತಾಸಿನಲ್ಲಿ ಎರಡು ಬಿದ್ದು ಸತ್ತವು. ಹಾವು ಕಚ್ಚಿತೆನ್ನುತ್ತಾರೆ.
(ಇಂಡಿ ತಾಲ್ಲೂಕು)

ಉತ್ತರ: ಒಂದೇ ಹೊತ್ತಿಗೆ ಎರಡಕ್ಕೆ ಹಾವು ಕಚ್ಚುವುದು ಅಪರೂಪ. ನೀವು ಹೇಳಿದ ಚಿತ್ರ ಚಿಗುರು ಜೋಳದ ವಿಷಕ್ಕೇ ಹೊಂದುತ್ತದೆ. ಎಳೆ ಜೋಳ, ನೀರಿಲ್ಲದೆ ಬಾಡಿದ ಜೋಳ, ಕೂಳೆ ಚಿಗುರು ಈ ಮೂರರಲ್ಲೂ ಸಯನೈಡ್ ಬಿಡುವ ಅಂಶ ಜಾಸ್ತಿ. ಜಗಿದ ಕೂಡಲೇ ಅದು ಬಿಡುಗಡೆಯಾಗುತ್ತದೆ. ರಕ್ತದಲ್ಲಿ ಆಮ್ಲಜನಕ ಇದ್ದರೂ ಜೀವಕೋಶಗಳಿಗೆ ಅದನ್ನು ಬಳಸಲಾಗುವುದಿಲ್ಲ. ಆದ್ದರಿಂದಲೇ ಏದುಸಿರು, ಜೊಲ್ಲು, ತೂರಾಟ, ಜೊತೆಗೆ ಬಾಯಿ–ಕಣ್ಣಿನ ಒಳಪದರ ಮೊದಮೊದಲು ಕಡುಗೆಂಪು.

ಇನ್ನೊಮ್ಮೆ ಹೀಗಾದರೆ ಉಳಿದವನ್ನು ಹೊಲದಿಂದ ತಕ್ಷಣ ಹೊರಗೆ ಹೊಡೆಯಿರಿ, ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ 'ಜೋಳ ಮೇದಿವೆ' ಎಂದೇ ಹೇಳಿ. ಸೋಡಿಯಂ ನೈಟ್ರೈಟ್, ಸೋಡಿಯಂ ಥಯೋಸಲ್ಫೇಟ್ ಇದಕ್ಕೆ ಮದ್ದು. ನರಕ್ಕೆ ಕೊಡಬೇಕಾದ್ದರಿಂದ ಅದು ವೈದ್ಯರ ಕೆಲಸ. ಏದುಸಿರು ಬಿಡುವ ಆಡಿಗೆ ಮಜ್ಜಿಗೆ, ಬೆಲ್ಲದ ನೀರು ಹೊಯ್ದರೆ ಶ್ವಾಸಕೋಶಕ್ಕೆ ಇಳಿದು ವಿಷಕ್ಕಿಂತ ಮೊದಲು ಅದೇ ಕೊಲ್ಲಬಹುದು.

ಮೇವಿನ ಜೋಳವನ್ನು ಹೂ ಬಿಟ್ಟ ಮೇಲೆ ಕೊಯ್ಯಿರಿ. ಬಾಡಿದ್ದು ಬೇರೆ, ಒಣಗಿದ್ದು ಬೇರೆ: ಗಳಗಳ ಒಣಗಿದ ಕಣಿಕೆಯಲ್ಲಿ ವಿಷ ಬಹುಪಾಲು ಹಾರಿಹೋಗಿರುತ್ತದೆ, ಬಾಡಿದ್ದರಲ್ಲಿ ಹಾಗೇ ಇರುತ್ತದೆ. ಕೂಳೆ ಹೊಲಕ್ಕಂತೂ ಹಸಿದ ಆಡು ಬಿಡಲೇಬಾರದು.

ಪ್ರಶ್ನೆ: ನಮ್ಮ ಎಮ್ಮೆ ಕರುಗಳು ಮೂರು–ನಾಲ್ಕು ವಾರಕ್ಕೆ ಬಿಳಿ ಭೇದಿಯಾಗಿ ಸಾಯುತ್ತವೆ. ಮಣ್ಣು ನೆಕ್ಕದಂತೆ ಬಾಯಿಗೆ ಕುಕ್ಕೆ ಕಟ್ಟಿದರೂ ನಿಂತಿಲ್ಲ.
(ಬೈಲಹೊಂಗಲ)

ಉತ್ತರ: ಈ ವಯಸ್ಸಿನಲ್ಲಿ ಮೊದಲ ಅನುಮಾನ ದೊಡ್ಡ ದುಂಡುಹುಳದ ಮೇಲೆ. ಅದರ ಮರಿಗಳು ತಾಯಿಯ ಮೈಯಲ್ಲಿ ಅಡಗಿದ್ದು ಈದ ಮೇಲೆ ಹಾಲಿನಲ್ಲೇ ಕರುವಿಗೆ ಇಳಿಯುತ್ತವೆ. ಕುಕ್ಕೆಯಿಂದ ಏನಾಗುತ್ತದೆ? ತಾಯಿಗೆ ಜಂತಿನ ಮದ್ದು ಹಾಕಿದರೂ ಅಡಗಿದ ಮರಿಗಳೆಲ್ಲ ಸಾಯುವುದಿಲ್ಲ. ಹುಟ್ಟಿದ 10–14ನೇ ದಿನ ಕರುವಿಗೇ ಪೈಪರಜಿನ್ ಕುಡಿಸಿ. ಪ್ರಮಾಣ ತೂಕದ ಮೇಲೆ, ಅಂದಾಜಿನ ಮೇಲಲ್ಲ. ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಜಂತಿನ ಮದ್ದು ಮುಂದುವರಿಸಿ. ಜ್ವರ ಇದ್ದರೆ ಅಥವಾ ಭೇದಿಯಲ್ಲಿ ರಕ್ತ ಕಂಡರೆ ಕಾರಣ ಬೇರೆ, ಸಗಣಿ ಪರೀಕ್ಷೆ ಮಾಡಿಸಿ.

ಜೊತೆಗೊಂದು ಮಾತು. ಮಾಸು ಬೀಳುವ ತನಕ ಕರು ಬಿಡಬಾರದು ಎಂಬ ನಂಬಿಕೆ ನಿಮ್ಮಲ್ಲೂ ಇದ್ದರೆ ಬಿಟ್ಟುಬಿಡಿ. ಕರು ಚೀಪಿದರೆ ಗರ್ಭಕೋಶ ಕುಗ್ಗಿ ಮಾಸು ಬೀಳಲು ಅನುಕೂಲವೇ. 30 ಕಿಲೋ ಕರುವಿಗೆ ಮೊದಲ ದಿನ 3 ಲೀಟರ್ ಗಿಣ್ಣದ ಹಾಲು ಬೇಕು, ಅದರಲ್ಲಿ ಅರ್ಧ ಮೊದಲ ಎರಡು ತಾಸಿನಲ್ಲೇ. ಒಂದು ದಿನ ಕಳೆದರೆ ಅದರ ರೋಗನಿರೋಧಕ ಶಕ್ತಿಯನ್ನು ಕರುಳು ಹೀರಿಕೊಳ್ಳುವುದಿಲ್ಲ. ಮನೆಯವರ ಗಿಣ್ಣ ಉಳಿದದ್ದರಲ್ಲಿ!

ಪ್ರಶ್ನೆ: ಕೊಕ್ಕರೆ ರೋಗಕ್ಕೆ ಲಸಿಕೆ ಹಾಕಿಸಿದರೂ ಕೋಳಿ ಸತ್ತವು, ಯಾಕೆ?
(ಗೋಕಾಕ)

ಉತ್ತರ: ಲಸಿಕೆ ಬಿಸಿಗೆ ಕೆಟ್ಟಿರಬಹುದು. ಅಂಗಡಿಯಿಂದ ಮನೆವರೆಗೂ ಐಸ್ ಡಬ್ಬಿಯಲ್ಲೇ ತರಬೇಕು, ಕಲಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು. ರೋಗ ಆಗಲೇ ಹೊಕ್ಕಿದ್ದರೆ ಲಸಿಕೆ ಉಳಿಸುವುದಿಲ್ಲ.